ಹೊರಪಟ್ಟಿಯ ಹದಿನೇಳನೇ ಸಾಲು

"ಅಮ್ಮಾ...!"

ಗಂಜಾಂನ ಆ ಪುಟ್ಟ ಕಚೇರಿಯಲ್ಲಿ ಗಂಡಸೊಬ್ಬ ಹಾಗೆ ಕಿರುಚಿದ್ದು ಅದೇ ಮೊದಲು. ಅಲ್ಲಿಯವರೆಗೆ ಅಲ್ಲಿ ಕಿರುಚಿದವರು, ಅತ್ತವರು ಎಲ್ಲ ಹೆಂಗಸರೇ.

ತಾನೇನು ಮಾಡಿದೆ ಎಂದು ಭೂಮಿಕಳಿಗೆ ತಿಳಿಯಲು ಎರಡು ಕ್ಷಣ ಬೇಕಾಯಿತು. ಕೈಯಲ್ಲಿ ಕತ್ತರಿ. ಕತ್ತರಿಯ ತುದಿಯಲ್ಲಿ ರಕ್ತ. ಎದುರಿಗೆ, ಬಲ ಅಂಗೈಯನ್ನು ಎಡಗೈಯಿಂದ ಅಮುಕಿ ಹಿಡಿದು ಬಗ್ಗಿ ನಿಂತ, ಹಿಂದೆಂದೂ ನೋಡಿರದ ಯುವಕ.

"ಯಾರ್ರೀ ನೀವು? ಹಿಂದಿನಿಂದ ಯಾಕ್ ಬಂದ್ರಿ?"

"ಎರಡನೇ ಮಾನಿಟರ್ ಹಾಕಕ್ಕೆ ಬಂದೋನು ಮೇಡಂ... ಮೌಸ್ ತಗಳಣ ಅಂತ ಕೈ ಚಾಚಿದೆ. ನೀವು ಪ್ರಾಣಾನೇ ತಗಳಕ್ಕೆ ಬಂದ್ರಲ್ಲ!"

ಒಳಗಿನ ಕೋಣೆಯಿಂದ ಆರತಿ ಮೇಡಂ ಓಡಿ ಬಂದರು. ಹೊಡೆಯುವ ಗಂಡಂದಿರನ್ನು ಬಿಟ್ಟು ಬಂದ ಹೆಂಗಸರಿಗೆ ನೆರಳು ಕೊಡುವ ಆ ಕೇಂದ್ರವನ್ನು ನಡೆಸುತ್ತಿದ್ದವರು ಅವರೇ. ರಕ್ತ ಕಂಡು ಅವರಿಗೆ ಹೊಸತೇನೂ ಅನ್ನಿಸಲಿಲ್ಲ. ಹತ್ತಿ, ಪಟ್ಟಿ, ಔಷಧಿ ತಂದು ಮೇಜಿನ ಮೇಲಿಟ್ಟರು.

"ಚೈತನ್ಯ, ನಿಮಗೆ ಹೇಳೋದು ಮರೆತೆ. ಇವಳ ಹಿಂದೆ ಯಾರೂ ನಿಲ್ಲಬಾರದು."

ಬೈಗುಳಕ್ಕೆ ಭೂಮಿಕ ಮೈ ಗಟ್ಟಿ ಮಾಡಿಕೊಂಡಳು. ಆದರೆ ಆ ಯುವಕ ಹಲ್ಲು ಕಚ್ಚಿ, ನೋವಿನಲ್ಲೇ ಅವಳ ಕಡೆ ನೋಡಿ ಹೇಳಿದ.

"ತಪ್ಪು ನಂದೇ ಬುಡಿ. ಹೇಳ್ದೆ ಕೇಳ್ದೆ ಹಿಂದೆ ಬಂದು ನಿಂತೆ."

ತಪ್ಪು ನಂದೇ...!

ಗಂಡಸೊಬ್ಬನ ಬಾಯಿಂದ ಆ ಎರಡು ಪದಗಳನ್ನು ಭೂಮಿಕ ಇಪ್ಪತ್ತೇಳು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ.

ನಾಗಮಂಗಲದಲ್ಲಿ ಅವಳ ಅಪ್ಪ ಸುಬ್ರಹ್ಮಣ್ಯ ಹೆಸರಾದ ಅಕ್ಕಸಾಲಿ. ಬೇರೆಯವರ ಹೆಂಗಸರ ಕಿವಿ, ಮೂಗು, ಕೊರಳಿಗೆ ಅಷ್ಟು ನಾಜೂಕಾಗಿ ಚಿನ್ನ ಕಟ್ಟುತ್ತಿದ್ದ ಕೈ, ತನ್ನ ಹೆಂಡತಿಯ ಮೇಲೆ ಮಾತ್ರ ಸುತ್ತಿಗೆಯ ಹಾಗೆ ಬೀಳುತ್ತಿತ್ತು. ಎದುರಿಗೆ ಬಂದು ಹೊಡೆಯುತ್ತಿರಲಿಲ್ಲ. ಒಲೆಯ ಮುಂದೆ ಕೂತಾಗ, ಬಟ್ಟೆ ಒಗೆಯುವಾಗ, ಹಿಂದಿನಿಂದ ಬರುತ್ತಿದ್ದ. ಅಪ್ಪ ಸತ್ತು ನಾಲ್ಕು ವರ್ಷ. ಈಗ ಮಗಳ ಜೊತೆ ಗಂಜಾಂನ ಬಾಡಿಗೆ ಮನೆಯಲ್ಲಿರುವ ಮಂಗಳಮ್ಮ, ಯಾರಾದರೂ ಅಟ್ಟದ ಮೇಲಿನ ಪಾತ್ರೆಗೆ ಕೈ ಎತ್ತಿದರೂ ಸಾಕು, ಇವತ್ತಿಗೂ ಅರ್ಧ ಹೆಜ್ಜೆ ಹಿಂದೆ ಸರಿಯುತ್ತಾಳೆ.

*

ಕೈಗೆ ಮೂರು ಹೊಲಿಗೆ ಹಾಕಿಸಿಕೊಂಡ ಚೈತನ್ಯ ಎರಡು ದಿನ ಬಿಟ್ಟು ಮತ್ತೆ ಬಂದ. ಕೆ.ಆರ್.ಪೇಟೆಯ ಕಮ್ಮಾರರ ಮನೆಯವನು. ಅಪ್ಪನದು ಕುಲುಮೆ, ಇವನದು ಕಂಪ್ಯೂಟರ್ ರಿಪೇರಿ. ಸುತ್ತಲ ನಾಲ್ಕು ತಾಲೂಕಿನ ಕಚೇರಿಗಳಿಗೆ ಬೈಕಿನಲ್ಲೇ ಅಲೆಯುತ್ತಿದ್ದ.

ಬಾಗಿಲಲ್ಲೇ ನಿಂತು ಕೂಗಿದ. "ಚೈತನ್ಯ ಬಂದಿದ್ದೀನಿ ಮೇಡಂ! ಮುಂದಿನಿಂದಾನೇ ಬತ್ತಾ ಇದ್ದೀನಿ! ಕತ್ತರಿ ಒಳಗಿಡಿ!"

ಭೂಮಿಕಳಿಗೆ ನಗು ತಡೆಯಲಾಗಲಿಲ್ಲ. ಎಷ್ಟು ದಿನವಾಗಿತ್ತು, ಅಷ್ಟು ಜೋರಾಗಿ ನಕ್ಕು!

ಅವಳ ಕೆಲಸಕ್ಕೆ ಎರಡು ಪರದೆ ಬೇಕೇ ಬೇಕಿತ್ತು. ಎಡಗಡೆಯದರಲ್ಲಿ ಒಳಪಟ್ಟಿ. ಕೇಂದ್ರ ಬಚ್ಚಿಟ್ಟ ಪ್ರತಿಯೊಬ್ಬ ಹೆಂಗಸು ನಿಜವಾಗಿ ಎಲ್ಲಿದ್ದಾಳೆ, ಅವಳ ಫೋನ್ ನಂಬರ್ ಏನು ಎಂಬುದೆಲ್ಲ ಅದರಲ್ಲಿ. ಅದು ಕಚೇರಿ ಬಿಟ್ಟು ಆಚೆ ಹೋಗುವಂತಿಲ್ಲ. ಬಲಗಡೆಯದರಲ್ಲಿ ಹೊರಪಟ್ಟಿ. ಕೋರ್ಟಿನ ದಿನಾಂಕಗಳಿಗಾಗಿ ಎರಡೂ ಕಡೆಯ ವಕೀಲರಿಗೆ ಹೋಗುವ ಪಟ್ಟಿ. ಅದರಲ್ಲಿ ಒಬ್ಬೊಬ್ಬರ ವಿಳಾಸ ಅಳಿಸಿ, 'ಕೇಂದ್ರದ ಮೂಲಕ, ಗಂಜಾಂ' ಎಂದು ಬರೆಯಬೇಕು. ಗಂಡಂದಿರ ಕಣ್ಣಿಗೆ ಬೀಳುವುದು ಅಷ್ಟೇ.

"ಇಂಗಲ್ಲ ಮಾಡಾದು," ಚೈತನ್ಯ ಪಕ್ಕದ ಕುರ್ಚಿ ಎಳೆದುಕೊಂಡು ಹೇಳಿದ. "ಎರಡು ಫೈಲೂ ಒಂದೇ ಎಕ್ಸೆಲ್ಲಲ್ಲಿ ತೆಗೆದು, ಒಂದನ್ನ ಈ ಕಡೆ, ಒಂದನ್ನ ಆ ಕಡೆ ಎಳೀತಿದ್ದೀರಿ. ಕಣ್ಣಿಗೆ ಬೇರೆ ಬೇರೆ, ಒಳಗೆ ಎರಡೂ ಒಂದೇ. ಆಲ್ಟ್ ಒತ್ತಿ ಹಿಡಕಂಡು ಎಕ್ಸೆಲ್ ಗುರುತಿನ ಮೇಲೆ ಒತ್ತಿ. ಹೊಸದಾಗಿ ಇನ್ನೊಂದು ಶುರು ಮಾಡಲಾ ಅಂತ ಕೇಳ್ತದೆ. ಹೂಂ ಅನ್ನಿ. ಎರಡನೇ ಫೈಲನ್ನ ಅದರೊಳಗೆ ತೆಗೀರಿ. ಆಗ ಎರಡೂ ನಿಜವಾಗ್ಲೂ ಬೇರೆ. ಇಲ್ಲಾಂದ್ರೆ ನೋಡಿ, ಒಂದರಲ್ಲಿ..."

ಅವನು ಇನ್ನೂ ಏನೋ ಹೇಳಿದ. ಭೂಮಿಕ ಅವನ ಅಂಗೈಯ ಬಿಳಿ ಪಟ್ಟಿಯನ್ನೇ ನೋಡುತ್ತಿದ್ದಳು. ತಾನು ಚುಚ್ಚಿದ ಕೈ ತನಗೇ ಕಲಿಸುತ್ತಿದೆಯಲ್ಲ...

"ಕೇಳಿಸ್ಕಂಡ್ರಾ?"

"ಹೂಂ... ಹೂಂ!"

ನಾಲ್ಕು ದಿನ ಅವನು ಹೇಳಿದಂತೆಯೇ ಮಾಡಿದಳು. ಆದರೆ ಹಳೆಯ ಕಂಪ್ಯೂಟರ್. ಎರಡು ಎಕ್ಸೆಲ್ ತೆಗೆದರೆ ಏದುಸಿರು ಬಿಡುತ್ತಿತ್ತು. ಅಲ್ಲಿಂದ ಇಲ್ಲಿಗೆ ಅಂಟಿಸಿದರೆ ಮೊದಲಿನಂತೆ ಕೂರುತ್ತಿರಲಿಲ್ಲ. ಐದನೆಯ ದಿನ ಹಳೆಯ ದಾರಿಗೇ ಬಂದಳು. 'ಎಳೆದು ಆಚೆ ಪರದೆಗೆ ಹಾಕಿದರೆ ಆಯ್ತಲ್ಲ, ಬೇರೆ ಆದಂಗೇ...' ಎಂದುಕೊಂಡಳು.

ಚೈತನ್ಯನಿಗೆ ಹೇಳಲಿಲ್ಲ. ಹೇಳಿದರೆ ಬೇಜಾರು ಮಾಡಿಕೊಂಡಾನು ಎಂಬ ಭಯ. ಒಬ್ಬ ಗಂಡಸಿನ ಬೇಜಾರಿಗೆ ಹೆದರುವುದಕ್ಕೂ, ಕೋಪಕ್ಕೆ ಹೆದರುವುದಕ್ಕೂ ಇರುವ ವ್ಯತ್ಯಾಸ ಅವಳಿಗೆ ಆಗ ಹೊಳೆದಿತ್ತು. ಆ ಹೊಳಹು ಎಷ್ಟು ಹಿತವಾಗಿತ್ತು!

ತಿಂಗಳು ಕಳೆಯಿತು. ಪ್ರಿಂಟರ್ ಕೆಟ್ಟಿದೆಯೆಂದು ಒಮ್ಮೆ ಬಂದ. ಕೆಟ್ಟಿರದಿದ್ದರೂ ಇನ್ನೊಮ್ಮೆ ಬಂದ.

ಒಂದು ಗುರುವಾರ ಮಧ್ಯಾಹ್ನ ಭೂಮಿಕ ಹೊರಪಟ್ಟಿ ಸಿದ್ಧ ಮಾಡುತ್ತಿದ್ದಳು. ಕೊನೆಯ ಸಾಲು, ಹದಿನೇಳನೆಯದು, ಸರೋಜಳದು. ವಿಳಾಸ ಅಳಿಸಿ 'ಕೇಂದ್ರದ ಮೂಲಕ' ಎಂದು ಬರೆದು, ಎಡಗಡೆಯ ಒಳಪಟ್ಟಿಗೆ ಬಂದು ಅದೇ ಸರೋಜಳ ಹೊಸ ಫೋನ್ ನಂಬರ್ ಒತ್ತುವಷ್ಟರಲ್ಲಿ ಭೂಮಿಕಳ ಫೋನ್ ಬಡಿದುಕೊಂಡಿತು.

"ಭಾನುವಾರ ಕರಿಘಟ್ಟದ ದೇವಸ್ಥಾನಕ್ಕೆ ಬತ್ತೀರಾ?" ಚೈತನ್ಯ ಒಂದೇ ಉಸಿರಿಗೆ ಕೇಳಿದ. "ನಿಮ್ಮಮ್ಮನ್ನೂ ಕರಕಂಡು ಬನ್ನಿ. ಒಂದ್ ಮಾತು ಕೇಳಬೇಕು. ಮುಖಾಮುಖಿ ಕೇಳಬೇಕು."

ಭೂಮಿಕಳ ಬೆರಳು ತಪ್ಪಿ ನಂಬರ್ ಅದಲುಬದಲಾಯಿತು. ಫೋನನ್ನು ಭುಜಕ್ಕೆ ಒತ್ತಿಕೊಂಡು, ಮಾಡಿದ್ದನ್ನು ರದ್ದು ಮಾಡಿ ಹಿಂದಕ್ಕೆ ಹೋಗುವ 'ಅನ್‌ಡೂ' ಕೀ ಒತ್ತಿದಳು. ಒಂದು... ಎರಡು... ಮೂರು ಸಲ. ಬಲಗಡೆಯ ಪರದೆ ಮಿಟುಕಿದ ಹಾಗಾಯಿತು. ಅವಳು ನೋಡಲಿಲ್ಲ. ನೋಡುವ ಸ್ಥಿತಿಯಲ್ಲಿರಲಿಲ್ಲ!

"ಬರ್ತೀನಿ," ಎಂದಳು.

ನಂಬರ್ ಸರಿ ಮಾಡಿದಳು. ಹೊರಪಟ್ಟಿ ಮುಚ್ಚುವಾಗ, ಬದಲಾವಣೆ ಉಳಿಸಲೇ ಎಂದು ಕಂಪ್ಯೂಟರ್ ಕೇಳಿತು. ಆಗಲೇ ಉಳಿಸಿದ್ದೆನಲ್ಲ, ಮತ್ತೆ ಯಾಕೆ ಕೇಳುತ್ತಿದೆ ಎಂದು ಒಂದು ಗಳಿಗೆ ಅನ್ನಿಸಿತು. ಹೂಂ ಎಂದು ಒತ್ತಿದಳು. ವಕೀಲರಿಗೆಲ್ಲ ಮೇಲ್ ಕಳಿಸಿದಳು. ಮನೆಗೆ ಹೋಗುವ ದಾರಿಯಲ್ಲಿ ಎರಡು ಮೊಳ ಮಲ್ಲಿಗೆ ಕೊಂಡಳು.

*

ಶನಿವಾರ ಬೆಳಿಗ್ಗೆ ಹನ್ನೊಂದು ಗಂಟೆ. ಪಾಂಡವಪುರದ ಒಂದು ಟೈಲರಿಂಗ್ ಅಂಗಡಿ. ಕೋರ್ಟಿನ ಕಾಗದಕ್ಕೆ ಸಹಿ ಹಾಕಿಸಿಕೊಳ್ಳಲು ಭೂಮಿಕ ಸರೋಜಳ ಹತ್ತಿರ ಬಂದಿದ್ದಳು. ಸರೋಜ ದೇವಲಾಪುರದ ಕಡೆಯ ಹುಡುಗಿ. ಕೆ.ಆರ್.ಪೇಟೆಯ ಪುಟ್ಟರಾಜುವಿಗೆ ಕೊಟ್ಟಿದ್ದರು. ಆರು ವರ್ಷದಲ್ಲಿ ಅವಳ ಮೈಮೇಲೆ ಅವನು ಮುರಿಯದೆ ಬಿಟ್ಟ ಮೂಳೆ ಕಡಿಮೆ. ಎಂಟು ತಿಂಗಳಿಂದ ಈ ಅಂಗಡಿಯಲ್ಲಿ ರವಿಕೆ ಹೊಲಿಯುತ್ತ, ಹಿಂದಿನ ಕೋಣೆಯಲ್ಲೇ ಮಲಗುತ್ತ, ನಿಧಾನವಾಗಿ ಮನುಷ್ಯಳಾಗುತ್ತಿದ್ದಳು.

"ಏನಕ್ಕಾ, ಮಕದಾಗೆ ಕಳೆ?" ಸರೋಜ ಕೆಣಕಿದಳು. "ಕಂಪೂಟ್ರು ಹುಡ್ಗನಾ?"

"ಸುಮ್ನಿರೇ... ಸಹಿ ಹಾಕು ಮೊದ್ಲು."

"ನಾಚ್ಕತಾವ್ಳೆ ನೋಡು! ನಿನ್ನೆ ಫೋನಲ್ಲೇ ಏಳಿದ್ಯಲ್ಲ, ನಾಳಿಕ್ ಕರಿಘಟ್ಟಕ್ಕೆ ಓಗಕ್ಕೆ ರವಿಕೆ ಬ್ಯಾಡ್ವಾ? ಕೊಡು, ಸಂಜೆ ಒಳ್ಗೆ ಒಲ್ದು..."

ಮಾತು ಅಲ್ಲಿಗೇ ನಿಂತಿತು. ಸರೋಜಳ ಕಣ್ಣು ಬಾಗಿಲ ಕಡೆ ನೆಟ್ಟಿತ್ತು.

ಪುಟ್ಟರಾಜು ಒಳಗೆ ಬಂದಿದ್ದ. ಕೈಯಲ್ಲಿ ಮಚ್ಚು.

"ಏನೇ, ಬಚ್ಚಿಟ್ಟವ್ರೆ ಅಂದ್ಕಂಡಿದ್ಯಾ?" ಅವನು ನಗುತ್ತಿದ್ದ. "ನಿಮ್ಮೋರೇ ಕೊಟ್ಟವ್ರೆ ಕಣೇ ಅಡ್ರೆಸ್ಸ! ನಿಮ್ಮೋರೇ!"

ಮೊದಲ ಏಟಿಗೆ ಸರೋಜ ಎಡಗೈ ಅಡ್ಡ ತಂದಳು. ಮಚ್ಚು ಮೂಳೆಗೆ ತಾಕಿದ ಸದ್ದು ಭೂಮಿಕಳ ಹಲ್ಲಿನೊಳಗೆ ಕೇಳಿಸಿತು. ಎರಡನೆಯ ಏಟು ಭುಜಕ್ಕೆ. ಅರ್ಧ ಹೊಲಿದ ಹಳದಿ ರವಿಕೆಯ ಮೇಲೆ ರಕ್ತ ಎರಚಿ ಬಿತ್ತು. ಹೊಲಿಗೆ ಯಂತ್ರದ ಸಮೇತ ಸರೋಜ ನೆಲಕ್ಕುರುಳಿದಳು.

ಭೂಮಿಕಳ ಕಾಲು ಕಲ್ಲಾಗಿತ್ತು. ಅಮ್ಮ ಒಲೆಯ ಮುಂದೆ ಬಿದ್ದಿದ್ದಾಗ ಇದೇ ಕಾಲು ಹೀಗೇ ಕಲ್ಲಾಗಿತ್ತು. ಅವತ್ತು ಏಳು ವರ್ಷ. ಇವತ್ತು...

ಮೇಜಿನ ಮೇಲೆ ಕಾದಿದ್ದ ಇಸ್ತ್ರಿ ಪೆಟ್ಟಿಗೆ ಕೈಗೆ ಸಿಕ್ಕಿತು. ಮೂರನೆಯ ಏಟಿಗೆಂದು ಅವನು ಮಚ್ಚು ಎತ್ತಿದಾಗ, ಎರಡು ಕೈಯಲ್ಲೂ ಹಿಡಿದು ಅವನ ಕಿವಿಯ ಮೇಲೆ ಅಪ್ಪಳಿಸಿದಳು. ಚರ್ಮ ಸುಟ್ಟ ವಾಸನೆ ಎದ್ದಿತು. ಅವನು ಎತ್ತಿನ ಹಾಗೆ ಅರಚಿದ. ಮಚ್ಚು ಜಾರಿ ಬಿತ್ತು. ಮತ್ತೆ ಹೊಡೆದಳು. ಮತ್ತೆ...! ಬೀದಿಯವರು ಓಡಿ ಬಂದು ಅವನನ್ನು ಹಿಡಿದರು. ಇಬ್ಬರು ಹೆಂಗಸರು ಭೂಮಿಕಳನ್ನು ಹಿಡಿಯಬೇಕಾಯಿತು.

*

ಆಸ್ಪತ್ರೆಯ ಅಂಗಳದಲ್ಲಿ ಬಿಸಿಲು ಸುಡುತ್ತಿತ್ತು. ಸರೋಜಳನ್ನು ಒಳಗೆ ಸಾಗಿಸಿ ಎರಡು ಗಂಟೆಯಾಗಿತ್ತು. ಅವಳ ಅಣ್ಣ ಮರಿಸ್ವಾಮಿ ದೇವಲಾಪುರದಿಂದ ಇಬ್ಬರು ನೆಂಟರ ಜೊತೆ ಬಂದಿದ್ದ.

"ಅಡ್ರೆಸ್ ಕೊಟ್ಟೋನು ಯಾವನು? ಅದನ್ನ ಏಳಿ ಮೊದ್ಲು!" ಅವನು ಗೋಡೆಗೆ ಗುದ್ದುತ್ತಿದ್ದ. "ಪೊಲೀಸ್ನೋರು ಮಚ್ಚು ತೋರ್ಸುದ್ರು. ಅದರ ಇಡಿ ಮ್ಯಾಲೆ ಮೂರು ಚುಕ್ಕಿ ಐತೆ. ಕೆ.ಆರ್.ಪೇಟೆ ಕುಲುಮೇದು!"

ಅದೇ ಹೊತ್ತಿಗೆ ಚೈತನ್ಯ ಬೈಕ್ ನಿಲ್ಲಿಸಿ ಓಡಿ ಬಂದ. ಸುದ್ದಿ ಕೇಳಿ ರಕ್ತ ಕೊಡಲು ಬಂದಿದ್ದ. ಮುಖ ಬಿಳಿಚಿತ್ತು. ಕೈಯಲ್ಲಿ ಫೋನ್ ಇತ್ತು.

"ಆ ಮಚ್ಚು ನಿಮ್ಮದಾ?" ಭೂಮಿಕ ಕೇಳಿದಳು.

"ಅಪ್ಪ ಬಡಿದಿದ್ದು. ಸಂತೇಲಿ ಮಾರಿದ್ದು. ಯಾರು ತಗಂಡ್ರು ಅಂತ..."

"ಪುಟ್ಟರಾಜು ಗೊತ್ತಾ ನಿಮಗೆ?"

"ನಮ್ಮ ಬೀದಿಯೋನೇ. ಆದ್ರೆ ಅವನ ಹೆಂಡ್ತಿ ಇಲ್ಲೇ ಅವ್ಳೆ ಅಂತ ನಂಗೆ ಗೊತ್ತಿರಲಿಲ್ಲ. ನಿಮ್ಮ ಪಟ್ಟಿ ನಾನು ಇವತ್ತಿನವರೆಗೂ ಒಂದಿನಾನೂ ಓದಿರಲಿಲ್ಲ ಭೂಮಿಕ."

"ಹಾಗಾದ್ರೆ ಅಡ್ರೆಸ್ ಹೆಂಗೆ ಹೋಯ್ತು? ಆ ಪಟ್ಟಿ ಇರೋದು ಎರಡೇ ಕಡೆ. ನನ್ನ ತಲೇಲಿ, ನೀವು ರಿಪೇರಿ ಮಾಡೋ ಕಂಪ್ಯೂಟರಲ್ಲಿ. ಹೇಳಿ ಚೈತನ್ಯ! ಹೆಂಗೆ ಹೋಯ್ತು?"

ಅವನು ಬಾಯಿ ತೆರೆದ. ಕೈಯಲ್ಲಿದ್ದ ಫೋನನ್ನೊಮ್ಮೆ ನೋಡಿದ. ಮರಿಸ್ವಾಮಿಯ ಬಿಗಿದ ಮುಷ್ಟಿಯನ್ನು ನೋಡಿದ. ಆಮೇಲೆ ಭೂಮಿಕಳ ಮುಖವನ್ನು, ಬಹಳ ಹೊತ್ತು.

ಬಾಯಿ ಮುಚ್ಚಿದ.

ಆ ಮೌನ... ತಪ್ಪು ಮಾಡಿ ಸಿಕ್ಕಿಬಿದ್ದವನ ಮೌನ! ಭೂಮಿಕಳ ಎದೆಯೊಳಗೆ ಏನೋ ಹರಿಯಿತು. ಪಟ್ಟನೆ ಕೈ ಬೀಸಿದಳು. ಅವನ ಕೆನ್ನೆಯ ಮೇಲೆ ಅವಳ ಐದು ಬೆರಳೂ ಮೂಡಿದವು.

"ಗಂಡಸರೆಲ್ಲ ಒಂದೇ!"

ಮರಿಸ್ವಾಮಿಗೆ ಅಷ್ಟೇ ಸಾಕಿತ್ತು. "ಇವ್ನೇಯಾ? ಬುಡ್ಬೇಡ್ರಲಾ!"

ಮೊದಲ ಒದೆತ ಹೊಟ್ಟೆಗೆ. ಚೈತನ್ಯ ಮಡಚಿಕೊಂಡು ಕುಸಿದ. ಆಮೇಲೆ ಆರು ಕಾಲುಗಳು. ಪಕ್ಕೆ, ಬೆನ್ನು, ಮುಖ. ಯಾರೋ ಬೈಕಿನ ಹೆಲ್ಮೆಟ್ಟಿನಿಂದಲೇ ಅವನ ಹಣೆಗೆ ಬಾರಿಸಿದರು. ಆರತಿ ಮೇಡಂ ನಡುವೆ ನುಗ್ಗಿ ಚೀರಿದರು. ಅವನು ಮಾತ್ರ ಒಂದು ಮಾತೂ ಆಡಲಿಲ್ಲ. ತಲೆಯನ್ನು ಕೈಗಳ ನಡುವೆ ಹುದುಗಿಸಿಕೊಂಡಿದ್ದ. ಮಂಗಳಮ್ಮ ಹುದುಗಿಸಿಕೊಳ್ಳುತ್ತಿದ್ದ ಹಾಗೆಯೇ.

ಭೂಮಿಕ ನೋಡುತ್ತ ನಿಂತಿದ್ದಳು. ತಡೆಯಲಿಲ್ಲ.

*

ಸೋಮವಾರ ಪೊಲೀಸರು, ಗುರುವಾರ ಹೋದ ಪಟ್ಟಿಯ ಪ್ರತಿ ಕೇಳಿದರು.

ಭೂಮಿಕ ಮೇಲ್ ತೆರೆದು ಪಟ್ಟಿಯನ್ನು ಕೆಳಕ್ಕೆ ಸರಿಸಿದಳು. ಹದಿನಾಲ್ಕು, ಕೇಂದ್ರದ ಮೂಲಕ. ಹದಿನೈದು, ಕೇಂದ್ರದ ಮೂಲಕ. ಹದಿನಾರು, ಕೇಂದ್ರದ ಮೂಲಕ.

ಹದಿನೇಳು... ಟೈಲರಿಂಗ್ ಅಂಗಡಿಯ ಹಿಂಭಾಗ, ಪಾಂಡವಪುರ.

'ಇಲ್ಲ! ನಾನು ಬದಲಾಯಿಸಿದ್ದೆ. ನನ್ನ ಕೈಯಾರೆ ಬರೆದಿದ್ದೆ!'

ಎರಡೂ ಫೈಲು ತೆರೆದಳು. ಗುರುವಾರ ಮಾಡಿದಂತೆಯೇ, ಒಂದೇ ಎಕ್ಸೆಲ್ಲಿನಿಂದ ಆಚೆ ಈಚೆ ಎಳೆದು. ಬಲಗಡೆ ಹದಿನೇಳನೇ ಸಾಲಿನಲ್ಲಿ 'ಕೇಂದ್ರದ ಮೂಲಕ' ಎಂದು ಬರೆದಳು. ಎಡಗಡೆಗೆ ಬಂದು ಸುಮ್ಮನೆ ಒಂದು ನಂಬರ್ ಒತ್ತಿದಳು. ಹಿಂದಕ್ಕೆ ಹೋಗುವ ಕೀ ಒತ್ತಿದಳು. ಒಂದು. ನಂಬರ್ ಹೋಯಿತು. ಈ ಸಲ ಕಣ್ಣನ್ನು ಬಲಗಡೆಯ ಪರದೆಯ ಮೇಲೇ ಇಟ್ಟು, ಇನ್ನೊಮ್ಮೆ ಒತ್ತಿದಳು.

ಪರದೆ ಮಿಟುಕಿತು. 'ಕೇಂದ್ರದ ಮೂಲಕ' ಮಾಯವಾಯಿತು. ಸರೋಜಳ ವಿಳಾಸ ಸದ್ದಿಲ್ಲದೆ ತನ್ನ ಜಾಗಕ್ಕೆ ಬಂದು ಕೂತಿತು.

ಅಂದು ಅರ್ಧ ಕೇಳಿಸಿಕೊಂಡಿದ್ದ ಚೈತನ್ಯನ ಮಾತು ಈಗ ಪೂರ್ತಿಯಾಗಿ ಕಿವಿಗೆ ಬಿತ್ತು. "ಇಲ್ಲಾಂದ್ರೆ ನೋಡಿ, ಒಂದರಲ್ಲಿ ಹಿಂದಕ್ಕೆ ಹೋದ್ರೆ ಇನ್ನೊಂದರಲ್ಲೂ ಹಿಂದಕ್ಕೆ ಹೋಗ್ಬುಡ್ತದೆ. ಎರಡಕ್ಕೂ ನೆನಪು ಒಂದೇ."

ಭೂಮಿಕ ಕುರ್ಚಿ ತಳ್ಳಿ ಎದ್ದು ಬಾಗಿಲಾಚೆ ಹೋದಳು.

ಅಡ್ರೆಸ್ ಕೊಟ್ಟವಳು ತಾನು. 'ಬರ್ತೀನಿ' ಎಂದು ನಕ್ಕ ಗಳಿಗೆಯಲ್ಲೇ ಕೊಟ್ಟಿದ್ದಳು! ಸರೋಜಳ ಎಡಗೈಯ ಎರಡು ಬೆರಳು ಇನ್ನು ಮಡಚುವುದಿಲ್ಲ ಎಂದು ಡಾಕ್ಟರ್ ಹೇಳಿದ್ದರು. ಆ ಬೆರಳುಗಳು ತನ್ನ ಸಂತೋಷಕ್ಕೆ ಸರೋಜ ತೆತ್ತ ಬೆಲೆ.

ಮತ್ತೆ ಬಂದು ಕೂತಳು. ಮೌಸ್ ಕೈಯಲ್ಲಿತ್ತು. ಒಂದು ಕೆಟ್ಟ ಯೋಚನೆ ಬಂದಿತು. ಬಂದಿತು ಎಂಬುದನ್ನು ಅವಳು ಮುಂದೆಂದೂ ಅಲ್ಲಗಳೆಯಲಿಲ್ಲ. ಊರೆಲ್ಲ ಚೈತನ್ಯನೇ ಅಂತ ನಂಬಿದೆ. ಅವನು ಬಾಯಿ ಬಿಡುತ್ತಿಲ್ಲ. ಒಂದು ಸಣ್ಣ ಸುಳ್ಳು ಹೇಳಿದರೆ ಕೆಲಸ ಉಳಿಯುತ್ತದೆ, ಅಮ್ಮನಿಗೆ ಸೂರು ಉಳಿಯುತ್ತದೆ...

ಆಮೇಲೆ ಆಸ್ಪತ್ರೆಯ ಅಂಗಳ ಕಣ್ಣ ಮುಂದೆ ಬಂದಿತು. ತಲೆಯನ್ನು ಕೈಗಳ ನಡುವೆ ಹುದುಗಿಸಿಕೊಂಡ ಆ ದೇಹ. ನೋಡುತ್ತ ನಿಂತ ತಾನು. 'ಅಪ್ಪ ನಿಂತಿದ್ದ ಜಾಗದಲ್ಲಿ ನಿಂತಿದ್ದೀನಿ ನಾನು...'

ಎದ್ದು ಒಳಗೆ ಹೋದಳು. "ಮೇಡಂ, ಅಡ್ರೆಸ್ ಕೊಟ್ಟಿದ್ದು ನಾನು. ಬನ್ನಿ, ತೋರಿಸ್ತೀನಿ."

ಆರತಿ ಮೇಡಂ ಎರಡು ಪರದೆಯನ್ನೂ ನೋಡಿದರು. ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು.

"ಇದನ್ನ ನಾನು ಪೊಲೀಸರಿಗೂ ಕೋರ್ಟಿಗೂ ಬರೆದು ಕೊಡಬೇಕಾಗತ್ತೆ ಭೂಮಿಕಾ. ಪಟ್ಟಿಯ ಕೆಲಸ ಇನ್ನು ನಿನ್ನ ಕೈಗೆ ಕೊಡೋಕಾಗಲ್ಲ."

"ಕೊಡಬೇಡಿ. ಆದ್ರೆ ಸರೋಜಂಗೆ ನಾನೇ ಹೇಳ್ತೀನಿ."

*

ಸರೋಜ ಎಲ್ಲವನ್ನೂ ಕೇಳಿಸಿಕೊಂಡಳು. ಮರಿಸ್ವಾಮಿ ಮಂಚದ ಪಕ್ಕದಲ್ಲೇ ನಿಂತಿದ್ದ. ಅವನ ಮುಖ ಬೂದಿಯಾಗುತ್ತ ಹೋಯಿತು.

ಮಾತು ಮುಗಿಯುತ್ತಿದ್ದಂತೆ ಸರೋಜ ಬಲಗೈಯಲ್ಲಿದ್ದ ಸ್ಟೀಲ್ ಲೋಟ ಬೀಸಿ ಎಸೆದಳು. ಅದು ಭೂಮಿಕಳ ಹುಬ್ಬು ಸೀಳಿತು. ಬಿಸಿ ಗಂಜಿ ಕತ್ತಿಗೆ ಇಳಿಯಿತು.

ಭೂಮಿಕ ಒರೆಸಿಕೊಳ್ಳಲಿಲ್ಲ. "ಕ್ಷಮಿಸು ಸರೋಜ..."

"ಆ ಮಾತು ಆಡ್ಬೇಡ!" ಸರೋಜ ಕಿರುಚಿದಳು. "ಅವ್ನೂ ಒಡುದ್ ಮ್ಯಾಕೆ ದಿನಾ ಅದ್ನೇ ಅಂತಿದ್ದ. ಕ್ಷಮ್ಸು, ಕ್ಷಮ್ಸು! ನಂಗೆ ಆ ಮಾತು ಕೇಳುದ್ರೆ ಮೈ ಉರೀತದೆ."

ಸರೋಜ ಅಳುತ್ತ, ಮೂಗೊರೆಸುತ್ತ, ತಡೆತಡೆದು ಹೇಳಿದಳು.

"ನೀನು ಬಂದು ಏಳ್ದೆ. ಅವ್ನು ಯಾವತ್ತೂ ಏಳ್ನಿಲ್ಲ. ಮೆಟ್ಲು ಜಾರಿ ಬಿದ್ಲು ಅಂತಿದ್ದ, ಕಣ್ಣೆದ್ರಿಗೇ... ನಿನ್ ಮ್ಯಾಲೆ ಕ್ವಾಪ ಓಗಾಕಿಲ್ಲ. ಯಾವತ್ತು ಓಯ್ತದೋ ಗೊತ್ತಿಲ್ಲ. ಅವತ್ತು ಇಸ್ತ್ರಿ ಪೆಟ್ಗೆ ಎತ್ದೋಳೂ ನೀನೇ, ಅದೂ ಗೊತ್ತು. ಈಗ ಓಗು. ಆ ಹುಡ್ಗನ್ತಾವು ಓಗಿ ಏಳು. ಅಣ್ಣಾ, ನೀನೂವೆ ಓಗು. ಕಾಲಿಡ್ಕಳಾಕಲ್ಲ. ಒಡ್ದಿದ್ದು ನಾನೇ, ತಪ್ಪಾಗಿ ಒಡ್ದೆ ಅಂತ ಅವ್ನ ಮನೆ ಬೀದೀಲಿ ನಿಂತು ಏಳಾಕೆ."

*

ಮರುದಿನ ಮಧ್ಯಾಹ್ನ, ಕೆ.ಆರ್.ಪೇಟೆ. ಕುಲುಮೆಯಲ್ಲಿ ಬೆಂಕಿ ಇರಲಿಲ್ಲ. ಮಗನಿಗೆ ಹೀಗಾದ ಮೇಲೆ ಅಪ್ಪ ಸುತ್ತಿಗೆ ಮುಟ್ಟಿರಲಿಲ್ಲ. ಮರಿಸ್ವಾಮಿ ಬೆಳಿಗ್ಗೆಯೇ ಬಂದು, ಬೀದಿಯಲ್ಲಿ ನಿಂತು, ಹೇಳಬೇಕಾದ್ದನ್ನು ಜೋರಾಗಿ ಹೇಳಿ, ತಲೆ ತಗ್ಗಿಸಿ ಹೋಗಿದ್ದ.

ಬಾಗಿಲು ತೆರೆದ ದ್ಯಾವಮ್ಮ, ಚೈತನ್ಯನ ತಾಯಿ, ಭೂಮಿಕಳ ಹುಬ್ಬಿನ ಪಟ್ಟಿಯನ್ನೂ ಊದಿದ ಕಣ್ಣನ್ನೂ ನೋಡಿದಳು.

"ನೀನೇಯಾ ಅವ್ಳು? ಕತ್ರೀಲಿ ಚುಚ್ದೋಳು, ಕೆನ್ನೆಗೆ ಬಿಟ್ಟೋಳು?"

"ಹೂಂ ಅಮ್ಮ."

"ಇವತ್ತೇನ್ ತಂದಿದ್ದೀಯ? ಒನಕೆನಾ?" ಎಂದವಳೇ ದಾರಿ ಬಿಟ್ಟಳು. "ಓಗು. ಮೂರು ದಿನದಿಂದ ಗ್ವಾಡೆ ನೋಡ್ಕಂಡು ಮಲ್ಗವ್ನೆ. ನಿನ್ನಾದ್ರೂ ನೋಡ್ಲಿ."

ಚೈತನ್ಯ ಗೋಡೆಗೊರಗಿ ಕೂತಿದ್ದ. ಒಂದು ಕಣ್ಣು ಪೂರ್ತಿ ಮುಚ್ಚಿತ್ತು. ಎರಡು ಪಕ್ಕೆಲುಬು ಬಿರುಕು ಬಿಟ್ಟಿದ್ದವು.

ಭೂಮಿಕ ನಿಂತೇ ಹೇಳಿದಳು. "ಅಡ್ರೆಸ್ ಹೋಗಿದ್ದು ನನ್ನಿಂದ. ನೀವು ಹೇಳಿದ ಹಾಗೆ ಮಾಡಿರಲಿಲ್ಲ."

"ಗೊತ್ತಿತ್ತು."

"ಏನು?!"

"ಕೆಟ್ರೆ ಸರಿ ಮಾಡಲಿ ಅಂತ ಮೇಡಂ ಹಾಕಿಸವ್ರೆ, ಕೇಂದ್ರದ ಇ-ಮೇಲ್ ನನ್ನ ಫೋನಲ್ಲೂ ಬತ್ತದಲ್ಲ. ಸುದ್ದಿ ಕೇಳಿದ ತಕ್ಷಣ ತೆಗೆದು ನೋಡಿದೆ. ಹದಿನೇಳನೇ ಸಾಲು ಕಂಡೇಟಿಗೇ ಗೊತ್ತಾಯ್ತು. ಕಳಿಸಿದ ಟೈಮೂ ಇತ್ತು. ನಾನು ಫೋನ್ ಮಾಡಿದ ಹೊತ್ತು."

"ಗೊತ್ತಿದ್ದೂ... ಏಟು ತಿಂದ್ರಾ? ನನಗೋಸ್ಕರ?"

"ಹೂಂ."

ಅವಳು ಕರಗುತ್ತಾಳೆಂದು ಅವನು ಎಣಿಸಿದ್ದನೇನೋ. ಭೂಮಿಕಳ ಕಣ್ಣು ಕೆಂಡವಾಯಿತು.

"ಯಾರು ಕೇಳಿದ್ರು ನಿಮ್ಮನ್ನ? ನಮ್ಮಮ್ಮ ಮೂವತ್ತು ವರ್ಷ ಏಟು ತಿಂದ್ಲು, ಬಾಯಿ ಬಿಡಲಿಲ್ಲ. ಊರೆಲ್ಲ ಅವಳನ್ನ ದೇವತೆ ಅಂತು. ಅದು ಪ್ರೀತಿ ಅಂತ ನಾನು ಯಾವತ್ತೂ ಒಪ್ಪಿಲ್ಲ ಚೈತನ್ಯ! ನಿಮ್ಮ ಬಾಯಲ್ಲೂ ಒಪ್ಪಲ್ಲ. ಏಟು ತಿಂದು ಸುಮ್ಮನಿರೋರ ಪಕ್ಕದಲ್ಲಿ ಇನ್ನೊಂದು ಜನ್ಮ ಬದುಕೋ ಶಕ್ತಿ ನನಗಿಲ್ಲ!"

ಚೈತನ್ಯ ಪಕ್ಕೆ ಅಮುಕಿ ಹಿಡಿದು ನೆಟ್ಟಗೆ ಕೂತ.

"ಆ ಅಂಗಳದಲ್ಲಿ ನಿಮ್ಮ ಹೆಸರು ಹೇಳಿದ್ದಿದ್ರೆ ಆ ಆರು ಕಾಲು ನಿಮ್ಮ ಮೇಲೆ ಬೀಳ್ತಿದ್ವು. ಅದಕ್ಕೆ ಆಗ ಸುಮ್ಮನಾದೆ. ಅದು ತಪ್ಪು ಅಂತ ಇವತ್ತೂ ಅನ್ಸಲ್ಲ. ಆಮೇಲೂ ಸುಮ್ಮನಿದ್ದೆ ನೋಡಿ, ಮೂರು ದಿನ... ಅದು ತಪ್ಪು. ಸರೋಜಂಗೆ ನಿಜ ಗೊತ್ತಾಗಬೇಕಿತ್ತು. ನೀವಾಗೇ ಹೇಳ್ತೀರಾ ಅಂತ ಕಾಯ್ತಿದ್ದೆ. ಇವತ್ತು ಸಂಜೆವರೆಗೂ ನೋಡಿ ಮೇಡಂಗೆ ನಾನೇ ಕಳಿಸಬೇಕು ಅಂತ ಬರೆದಿಟ್ಟಿದ್ದೆ."

ಫೋನ್ ಅವಳ ಕಡೆ ಚಾಚಿದ. ನಾಲ್ಕೇ ಸಾಲು. ಭೂಮಿಕಳ ಹೆಸರು, ಆದದ್ದು, ಹೇಗೆ ಆದದ್ದು. ಒಂದು ಬೈಗುಳವಿಲ್ಲ, ಒಂದು ಸುಳ್ಳಿಲ್ಲ.

ಭೂಮಿಕ ಓದಿದಳು. ಚಾಪೆಯ ಅಂಚಿನಲ್ಲಿ ಕೂತಳು. ತನ್ನನ್ನು ಉಳಿಸಲು ಒದೆ ತಿಂದವನನ್ನಲ್ಲ, ತನ್ನ ವಿರುದ್ಧ ನಿಜ ಬರೆದಿಟ್ಟವನನ್ನು ನಂಬಬಹುದು ಎಂದು ಅವಳಿಗೆ ಅನ್ನಿಸಿತು. ಮೊದಲ ಸಲ ಅನ್ನಿಸಿತು.

"ನಾನು ನಿಮ್ಮನ್ನ ಹೊಡೆದೆ," ಎಂದಳು. "ನಾನು! ಅವರು ಒದೀತಿದ್ದಾಗ ನೋಡ್ತಾ ನಿಂತಿದ್ದೆ. ನನ್ನೊಳಗೂ ಅಪ್ಪ ಇದ್ದಾನೆ ಚೈತನ್ಯ. ಅದೇ ನನಗೆ ಭಯ..."

"ಇನ್ನೊಂದ್ಸಲ ಕೈ ಎತ್ತಿದ್ರೆ ನಾನು ಎದ್ದು ಹೋಗ್ತೀನಿ ಭೂಮಿಕ. ಬಚ್ಚಿಟ್ಕಂಡು ಅಲ್ಲ. ಯಾಕೆ ಹೋಗ್ತಿದ್ದೀನಿ ಅಂತ ಹೇಳಿ ಹೋಗ್ತೀನಿ."

"ನೀವು ಎತ್ತಿದ್ರೆ ನಾನೂ."

"ಎದ್ದು ಹೋಗಬೇಕು. ಅಷ್ಟೂ ಮಾಡದಿದ್ರೆ ಹೆಂಗೆ?"

ಒಳಗಿನಿಂದ ದ್ಯಾವಮ್ಮನ ದನಿ ಬಂದಿತು. "ಓಗದು ಬರದು ಆಮೇಲೆ ಮಾತಾಡಿ! ಇಬ್ರೂ ಉಂಡ್ರಾ ಇಲ್ವಾ? ಮುದ್ದೆ ಆರೋಯ್ತದೆ!"

ಎರಡು ತಟ್ಟೆ ತಂದಿಟ್ಟು ಹೋದಳು. ಚೈತನ್ಯನ ಬಲಗೈ ಮೇಲೇಳುತ್ತಿರಲಿಲ್ಲ. ಭೂಮಿಕ ಅವನ ಎದುರಿಗೆ ಸರಿದು ಕೂತು, ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ತುತ್ತು ಹಿಡಿದಳು. ಒಡೆದ ತುಟಿಗೆ ಖಾರ ತಾಗದಂತೆ ಬೆರಳು ಅಡ್ಡ ಹಿಡಿದಳು.

ಅವನು ನುಂಗಿದ. ಅವಳು ಇನ್ನೊಂದು ತುತ್ತು ಕೈಯಲ್ಲೇ ಹಿಡಿದು, ಕಣ್ಣೊರೆಸಿಕೊಳ್ಳದೆ ಕೇಳಿದಳು.

"ನನ್ನ ಮದುವೆ ಆಗ್ತೀರಾ?"

ಚೈತನ್ಯನಿಗೆ ನಗು ಬಂದಿತು. ಬಂದ ನಗು ಪಕ್ಕೆಯಲ್ಲಿ ಸಿಕ್ಕಿಕೊಂಡು ನರಳಾಟವಾಯಿತು.

"ನಗಿಸ್ಬೇಡ್ರಿ... ಪಕ್ಕೆ ನೋಯ್ತದೆ!"

"ನಗೋ ಮಾತಲ್ಲ ನಾನು ಕೇಳಿದ್ದು."

"ಗೊತ್ತು." ಅವನ ತೆರೆದಿದ್ದ ಒಂದೇ ಕಣ್ಣಲ್ಲಿ ನೀರು ತುಂಬಿತ್ತು. "ಅದಕ್ಕೇ, ನೋಯ್ತಿದ್ರೂ ನಗು ನಿಲ್ತಾ ಇಲ್ಲ."

"ಹಾಗಾದ್ರೆ ಆಗ್ತೀರಾ?"

"ಆಗ್ತೀನಿ. ಮೊದ್ಲು ಆ ತುತ್ತು ಕೊಡಿ... ಹಸೀತಾ ಇದೆ."